ಒಂದೇ ರಾತ್ರಿಯ ಹಾಡುಗಳು: ಕಲ್ಕತ್ತದ ಪ್ರೇಮಗೀತೆ, ಪೋಲಿಪದ ಮತ್ತು ಲಂಡನ್ನಿನಿಂದ ಬಂದ ಒಂದು ಮಾತು

ಭಾರತೀಯ ನ್ಯಾಯ ಸಂಹಿತೆಯಲ್ಲಿ 296ನೆಯದು ಒಂದು ಚಿಕ್ಕ ಕಲಮು. ಸಾರ್ವಜನಿಕ ಜಾಗದಲ್ಲಿ ಅಥವಾ ಅದರ ಹತ್ತಿರದಲ್ಲಿ, ಬೇರೆಯವರಿಗೆ ಕಿರಿಕಿರಿ ಆಗುವ ಹಾಗೆ, ಅಶ್ಲೀಲವಾದ ಹಾಡನ್ನೋ ಬ್ಯಾಲಡ್ಡನ್ನೋ ಮಾತನ್ನೋ ಹಾಡಿದರೆ ಅಥವಾ ಆಡಿದರೆ ಮೂರು ತಿಂಗಳವರೆಗೆ ಸೆರೆ, ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಅದು ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಈ ಸಂಹಿತೆ ಹೊಸದು. ಕಲಮು ಮಾತ್ರ ಹಳೆಯದು, 1860ರ ದಂಡಸಂಹಿತೆಯ 294ನೇ ಕಲಮೇ ನಂಬರು ಬದಲಿಸಿಕೊಂಡು ಬಂದಿದೆ.

ಇದರಲ್ಲಿ 'ಬ್ಯಾಲಡ್' ಎಂಬ ಮಾತು ಯಾಕಿದೆ? ಹಾಡು ಎಂದ ಮೇಲೆ ಬ್ಯಾಲಡ್ಡೂ ಅದರಲ್ಲೇ ಬಂತಲ್ಲ. ನಮ್ಮ ರಸ್ತೆಗಳಲ್ಲಿ ಬ್ಯಾಲಡ್ ಹಾಡುವವರು ಯಾರೂ ಇರಲಿಲ್ಲ. ಲಾವಣಿ, ಕೋಲಾಟದ ಪದ, ಹೋಳಿ ಹಾಡು, ಜಾವಳಿ ಇದ್ದವು. ಬಂಗಾಳದಲ್ಲಿ ಪಾಂಚಾಲಿ, ಝುಮುರ್, ಖೇಉಡ್ ಇದ್ದವು. ಬ್ಯಾಲಡ್ ಇದ್ದದ್ದು ಲಂಡನ್ನಿನಲ್ಲಿ. ಅಲ್ಲಿನ ಪೊಲೀಸರಿಗಾಗಿ 1839ರಲ್ಲಿ ಮಾಡಿದ ಕಾನೂನಿನಲ್ಲಿ ಇದೇ ಜೋಡಿ ಮಾತು ಸಿಗುತ್ತದೆ: ಬೀದಿಯಲ್ಲಿ ಅಶ್ಲೀಲವಾದ 'ಹಾಡು ಅಥವಾ ಬ್ಯಾಲಡ್' ಹಾಡುವವನಿಗೆ ದಂಡ. ಲಂಡನ್ನಿನ ಬೀದಿಗೆ ಹೊಲಿದ ಅಂಗಿಯನ್ನು ಕಲ್ಕತ್ತದ ಬೀದಿಗೆ ತೊಡಿಸಲಾಯಿತು. ದಂಡಸಂಹಿತೆ ಅಂಗೀಕಾರವಾದದ್ದೂ ಆಗಿನ ರಾಜಧಾನಿ ಕಲ್ಕತ್ತದಲ್ಲಿಯೇ.

ಆ ಬ್ಯಾಲಡ್ ಎಂಬ ಮಾತಿನ ಹಿಂದೆ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿದೆ. ಒಂದು ಪೆನ್ನಿಗೆ ಒಂದು ಹಾಳೆಯಂತೆ ಪ್ರೇಮದ ಹಾಡು, ಪೋಲಿ ಹಾಡು, ಕೊಲೆಯ ಸುದ್ದಿ ಎಲ್ಲವೂ ಬ್ಯಾಲಡ್ ಎಂಬ ಹೆಸರಲ್ಲಿ ಮಾರಾಟವಾದ ಕಾಲ ಅದು. ಆ ಕಾಲದ ಇಂಗ್ಲಿಷ್ ಹಾಡುಗಳನ್ನೂ ಇನ್ನೂರು ವರ್ಷಗಳ ನಂತರದ ಕಲ್ಕತ್ತದ ಹಾಡುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎರಡೂ ಕಡೆ ಪ್ರೇಮಗೀತೆ ಮತ್ತು ಪೋಲಿಪದ ಒಂದೇ ಮನೆಯ ಮಕ್ಕಳು. ಅವುಗಳ ನಡುವೆ ಗೋಡೆ ಎದ್ದದ್ದು ಆಮೇಲೆ. ಗೋಡೆ ಎದ್ದಾಗ ಬೀದಿಗೆ ಬಿದ್ದದ್ದು ಪೋಲಿಪದ ಒಂದೇ ಅಲ್ಲ.

ಶೋಭಾಬಜಾರಿನ ರಾತ್ರಿ

ಪ್ಲಾಸಿ ಕದನ ನಡೆದದ್ದು 1757ರಲ್ಲಿ. ಅದರ ನಂತರ ಕಲ್ಕತ್ತದಲ್ಲಿ ಹೊಸ ಹಣ ಹರಿಯಿತು. ಕಂಪನಿಯ ಜೊತೆ ವ್ಯವಹಾರ ಮಾಡಿ ದುಡ್ಡು ಮಾಡಿದವರಲ್ಲಿ ಶೋಭಾಬಜಾರಿನ ನವಕೃಷ್ಣ ದೇವ್ ದೊಡ್ಡ ಹೆಸರು. ಅವನ ಮನೆಯ ದುರ್ಗಾಪೂಜೆಗೆ ಬಿಳಿಯರೂ ಬರುತ್ತಿದ್ದರು. ಅವನಂಥವರ ಅಂಗಳದಲ್ಲಿ ಬೆಳೆದ ಕಲೆ ಕವಿಗಾನ.

ಕವಿಗಾನ ಎಂದರೆ ಎರಡು ಮೇಳಗಳ ನಡುವಿನ ಹಾಡಿನ ಜಗಳ. ಒಬ್ಬ ಹಾಡಿನಲ್ಲೇ ಪ್ರಶ್ನೆ ಹಾಕುತ್ತಾನೆ, ಇನ್ನೊಬ್ಬ ನಿಂತ ನಿಲುವಿನಲ್ಲೇ ಹಾಡು ಕಟ್ಟಿ ಉತ್ತರ ಕೊಡುತ್ತಾನೆ. ಬಿಜಾಪುರ, ಕಲಬುರಗಿ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರದೇಶಿ-ನಾಗೇಶಿ ಮೇಳಗಳಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ನಡೆಯುವ ಸವಾಲ್-ಜವಾಬು ಇದೇ ಜಾತಿಯದು.

ಹಾಡುವವರು ಎಲ್ಲ ಕಸುಬಿನವರು. ಹರು ಠಾಕುರ್ ಬ್ರಾಹ್ಮಣ. ಭೋಲಾ ಮೊಯ್ರಾ ಬಾಗಬಜಾರಿನ ಮಿಠಾಯಿಗಾರ. ಮೊಯ್ರಾ ಎಂದರೇ ಮಿಠಾಯಿ ಮಾಡುವವನು. ಕೇಷ್ಟಾ ಮುಚಿ ಎಂಬವನ ಹೆಸರಲ್ಲೇ ಚಪ್ಪಲಿ ಹೊಲಿಯುವ ಕಸುಬಿದೆ. ಆಂಟನಿ ಫಿರಂಗಿ ಪೋರ್ಚುಗೀಸ್ ಮೂಲದವನು. ಬೌಬಜಾರಿನ ಫಿರಂಗಿ ಕಾಳಿಬಾಡಿ ಇಂದಿಗೂ ಅವನ ಹೆಸರಿನೊಂದಿಗೆ ತಳಕು ಹಾಕಿಕೊಂಡಿದೆ. ಯಜ್ಞೇಶ್ವರಿ ಎಂಬ ಹೆಂಗಸು ಇಂಥ ಗಂಡಸರ ಎದುರು ಕೂತು ಹಾಡಿಗೆ ಹಾಡು ಕೊಟ್ಟವಳು.

ಕವಿಗಾನದ ರಾತ್ರಿಗೆ ಒಂದು ಕ್ರಮವಿತ್ತು. ಮೊದಲು ಭವಾನಿಯ ಸ್ತುತಿ. ಆಮೇಲೆ ಸಖೀಸಂವಾದ: ರಾಧೆಯ ಗೆಳತಿಯರು ಕೃಷ್ಣನಿಗೆ ಹೇಳುವ, ಕೇಳುವ, ಚುಚ್ಚುವ ಮಾತುಗಳು. ಮೂರನೆಯದು ವಿರಹ, ಅದರಲ್ಲಿ ರಾಮ ಬಸು ಎಂಬವನನ್ನು ಮೀರಿಸಿದವರಿಲ್ಲ ಎಂದು ಹೆಸರಿತ್ತು. ಕೊನೆಗೆ, ಹೊತ್ತು ಮೀರಿದ ಮೇಲೆ, ಖೇಉಡ್. ಇದು ಪೋಲಿಪದ, ಬೈಗುಳ, ಎದುರಾಳಿಯ ಕುಲ ಕಸುಬು ಹೆಂಡತಿ ಯಾವುದನ್ನೂ ಬಿಡದ ಹಾಡು. ದೇವಿಯಿಂದ ಶುರುವಾದ ರಾತ್ರಿ ಇಲ್ಲಿಗೆ ಬಂದು ಮುಟ್ಟುತ್ತಿತ್ತು. ಆಖಡಾಯಿ ಎಂಬ ಇನ್ನೊಂದು ಪದ್ಧತಿಯಲ್ಲಿ ಕ್ರಮ ಇನ್ನೂ ವಿಚಿತ್ರ: ಭವಾನಿಯ ಹಾಡು, ಖೇಉಡ್, ಪ್ರಭಾತಿ. ದೇವಿಸ್ತುತಿಗೂ ಬೆಳಗಿನ ಹಾಡಿಗೂ ನಡುವೆ ಪೋಲಿಪದ.

ಇದನ್ನು ಓದುವಾಗ ನಮಗೆ 'ಛೆ, ಇದೇನು ಮಿಶ್ರಣ' ಅನ್ನಿಸಬಹುದು. ಅಂದಿನ ಕೇಳುಗರಿಗೆ ಅದು ಮಿಶ್ರಣವಾಗಿರಲಿಲ್ಲ. ಮದುವೆ ಮನೆಯಲ್ಲಿ ಧಾರೆಯ ಹೊತ್ತಿಗೆ ಶೋಭಾನೆ ಹಾಡಿದ ಹೆಂಗಸರೇ ಊಟದ ಹೊತ್ತಿಗೆ ಬೀಗರ ಮೇಲೆ ಹಾಡು ಕಟ್ಟಿ ಬೀಗಿತ್ತಿಯ ಮಾನ ತೆಗೆಯುವುದನ್ನು ನಮ್ಮ ಅಜ್ಜಿಯರು ತಪ್ಪು ಎಂದುಕೊಂಡಿರಲಿಲ್ಲ. ಯಾವ ಹೊತ್ತಿಗೆ ಯಾವ ಹಾಡು ಎಂಬ ಶಿಸ್ತು ಇತ್ತು. ಯಾವ ಹಾಡು ಇರಲೇಬಾರದು ಎಂಬ ಶಿಸ್ತು ಇರಲಿಲ್ಲ.

ನಿಧುಬಾಬುವಿನ ಪ್ರೇಮ

ಈ ಊರಿನಲ್ಲೇ ಬಂಗಾಳಿ ಪ್ರೇಮಗೀತೆ ಹೊಸ ಹುಟ್ಟು ಪಡೆಯಿತು. ರಾಮನಿಧಿ ಗುಪ್ತ ಹುಟ್ಟಿದ್ದು 1741ರಲ್ಲಿ. ಜನ ಕರೆದದ್ದು ನಿಧುಬಾಬು ಎಂದು. ಕಂಪನಿಯ ನೌಕರಿಯಲ್ಲಿ ಬಿಹಾರದ ಛಪ್ರಾದಲ್ಲಿ ಗುಮಾಸ್ತನಾಗಿದ್ದಾಗ ಹಿಂದುಸ್ತಾನಿ ಸಂಗೀತ ಕಲಿತ. ಅಲ್ಲಿ ಅವನ ಮನಸ್ಸು ಹಿಡಿದದ್ದು ಟಪ್ಪಾ. ಪಂಜಾಬಿನ ಒಂಟೆ ಸವಾರರ ಹಾಡಿನಿಂದ ಬಂದದ್ದು ಎನ್ನುವ, ಲಖನೌದ ಶೋರಿ ಮಿಯಾನ ಹೆಸರಿನ ಜೊತೆ ಸೇರಿಕೊಂಡ ಪ್ರಕಾರ ಇದು. ಧಾರವಾಡದ ಕಡೆಯ ಸಂಗೀತ ಕೇಳುಗರಿಗೆ ಗ್ವಾಲಿಯರ್ ಗಾಯಕರ ಬಾಯಲ್ಲಿ ಟಪ್ಪಾದ ಆ ಚುರುಕು, ಜಿಗಿಯುತ್ತ ಇಳಿಯುವ ತಾನುಗಳು ಗೊತ್ತು. ನಿಧುಬಾಬು ಆ ವೇಗವನ್ನು ಇಳಿಸಿ, ಬಂಗಾಳಿ ಮಾತಿಗೆ ಉಸಿರಾಡಲು ಜಾಗ ಮಾಡಿಕೊಟ್ಟ.

ಅವನು ಮಾಡಿದ ಇನ್ನೊಂದು ಕೆಲಸ ಹೆಚ್ಚು ದೊಡ್ಡದು. ಅದುವರೆಗೆ ಬಂಗಾಳಿ ಪ್ರೇಮಗೀತೆ ಎಂದರೆ ಬಹುಮಟ್ಟಿಗೆ ರಾಧಾಕೃಷ್ಣರ ಹಾಡು. ನಿಧುಬಾಬುವಿನ ಹಾಡಿನಲ್ಲಿ ರಾಧೆಯೂ ಇಲ್ಲ, ಕೃಷ್ಣನೂ ಇಲ್ಲ. 'ನಾನು' ಮತ್ತು 'ನೀನು' ಇದ್ದಾರೆ. ಬರುತ್ತೇನೆಂದು ಬಾರದವನು, ಕಂಡರೂ ಕಾಣದಂತೆ ಹೋದವಳು, ನಾಚಿಕೆ, ಅನುಮಾನ, ಕಾಯುವುದು. ಮೈಯ ಪ್ರಸ್ತಾಪ ಕಡಿಮೆ, ಮನಸ್ಸಿನ ಪ್ರಸ್ತಾಪ ಹೆಚ್ಚು. ಶ್ರೀಮತಿ ಎಂಬ ಗಾಯಕಿಯ ಮನೆಗೆ ಅವನು ಹೋಗಿಬರುತ್ತಿದ್ದ, ಅಲ್ಲೇ ಕೂತು ಎಷ್ಟೋ ಹಾಡು ಕಟ್ಟಿದ ಎಂದು ಹಿಂದಿನವರು ಬರೆದಿದ್ದಾರೆ. ಅವನು ಆಖಡಾಯಿಯ ದೊಡ್ಡ ಗುರುವೂ ಹೌದು. ಭವಾನಿಯ ಹಾಡು, ಖೇಉಡ್, ಪ್ರಭಾತಿ ಎಂಬ ಆ ರಾತ್ರಿಯ ಕ್ರಮವನ್ನು ಸಂಗೀತದ ದೃಷ್ಟಿಯಿಂದ ತಿದ್ದಿ ತೀಡಿದವನು ಅವನೇ. ಬಂಗಾಳಿಯ ಅತ್ಯಂತ ಸೂಕ್ಷ್ಮ ಪ್ರೇಮಗೀತೆ ಬರೆದವನು ಪೋಲಿಪದದ ಅಖಾಡದಿಂದ ದೂರ ಕೂತವನಾಗಿರಲಿಲ್ಲ.

1837ರಲ್ಲಿ, ತೊಂಬತ್ತೈದು ದಾಟಿದ ವಯಸ್ಸಿನಲ್ಲಿ, ತನ್ನ ಹಾಡುಗಳನ್ನು 'ಗೀತರತ್ನ' ಎಂಬ ಹೆಸರಲ್ಲಿ ತಾನೇ ಅಚ್ಚು ಹಾಕಿಸಿದ. ತೀರಿಕೊಂಡದ್ದು 1839ರಲ್ಲಿ ಎನ್ನುತ್ತಾರೆ. ಲಂಡನ್ನಿನಲ್ಲಿ ಆ ಪೊಲೀಸ್ ಕಾನೂನು ಬಂದ ವರ್ಷವೂ ಅದೇ.

ಲಂಡನ್ನಿನ ಜಿಗ್

ಕಲ್ಕತ್ತದ ಈ ರಾತ್ರಿಗಳನ್ನು ಕಂಡು ಮೂಗು ಮುರಿದ ಇಂಗ್ಲಿಷರ ಸ್ವಂತ ಮನೆಯಲ್ಲಿ ಏನಿತ್ತು? ಎಲಿಜಬೆತ್ ರಾಣಿ ಆಳಿದ್ದು 1558ರಿಂದ 1603ರವರೆಗೆ. ಇಂಗ್ಲಿಷ್ ಪ್ರೇಮಗೀತೆಯ ಸುವರ್ಣಕಾಲ ಎಂದು ನಮ್ಮ ಕಾಲೇಜುಗಳಲ್ಲಿ ಕಲಿಸುವ ಕಾಲ. 1597ರಲ್ಲಿ ಜಾನ್ ಡೌಲೆಂಡ್ ಲೂಟ್ ವಾದ್ಯದ ಜೊತೆ ಹಾಡುವ ಹಾಡುಗಳ ಮೊದಲ ಪುಸ್ತಕ ಹೊರತಂದ. ನಿಟ್ಟುಸಿರು, ಕಣ್ಣೀರು, ಒಲಿಯದ ಹೆಣ್ಣು: ನಿಧುಬಾಬುವಿನ ಕೇಳುಗರು ಅರ್ಥದ ಸಹಾಯವಿಲ್ಲದೆಯೂ ಗುರುತು ಹಿಡಿಯಬಹುದಾದ ಭಾವ.

ಅದೇ ಊರಿನ ನಾಟಕಶಾಲೆಗಳಲ್ಲಿ ನಾಟಕ ಮುಗಿದ ಮೇಲೆ ಜಿಗ್ ನಡೆಯುತ್ತಿತ್ತು. ಜಿಗ್ ಎಂದರೆ ಕುಣಿತದ ಜೊತೆ ಹಾಡುವ ಚಿಕ್ಕ ಪ್ರಹಸನ. ಮುದುಕ ಗಂಡ, ಹರೆಯದ ಹೆಂಡತಿ, ಪೆಟ್ಟಿಗೆಯಲ್ಲಿ ಅಡಗಿದ ಪ್ರಿಯಕರ. ನಮ್ಮ ಸಣ್ಣಾಟದ ಪರಿಚಯ ಇರುವವರಿಗೆ ಕಥೆ ಗೊತ್ತೇ ಇದೆ. ಶೇಕ್ಸ್‌ಪಿಯರನ ಕಂಪನಿಯಲ್ಲಿದ್ದ ವಿಲ್ ಕೆಂಪ್ ಇದಕ್ಕೆ ಹೆಸರುವಾಸಿ. 1599ರಲ್ಲಿ ಲಂಡನ್ನಿಗೆ ಬಂದ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಜೂಲಿಯಸ್ ಸೀಸರನ ನಾಟಕ ನೋಡಿದ್ದನ್ನು ಬರೆದಿಟ್ಟಿದ್ದಾನೆ. ಸೀಸರ್ ಸತ್ತು, ಬ್ರೂಟಸ್ ಸತ್ತು, ನಾಟಕ ಮುಗಿದ ಕೂಡಲೇ ಇಬ್ಬರು ಗಂಡಸರ ವೇಷದಲ್ಲಿ, ಇಬ್ಬರು ಹೆಂಗಸರ ವೇಷದಲ್ಲಿ ಬಂದು ಕುಣಿದರಂತೆ. ಭವಾನಿಯಿಂದ ಖೇಉಡಿಗೆ ಇಳಿಯುವ ರಾತ್ರಿಯ ಹಾಗೆ, ರೋಮಿನ ದುರಂತದಿಂದ ನಗೆಕುಣಿತಕ್ಕೆ ಇಳಿಯುವ ಮಧ್ಯಾಹ್ನ.

ಒಂದೇ ನಾಟಕದ ಒಳಗೂ ಎರಡು ಧಾಟಿ ಬೆರೆಯುತ್ತಿದ್ದವು. ಹುಚ್ಚು ಹಿಡಿದ ಒಫೀಲಿಯಾ ಹಾಡುವ ಹಾಡುಗಳಲ್ಲಿ ತಂದೆಯ ಸಾವಿನ ದುಃಖ ಇದೆ. ನಂಬಿ ಹೋಗಿ ಮೋಸ ಹೋದ ಹುಡುಗಿಯ ಕುರಿತ ಹಸಿ ಹಾಡೂ ಇದೆ. ಆ ಕನ್ನೆಯ ಬಾಯಲ್ಲಿ ಬೀದಿ ಹಾಡು ಬರುವುದರಿಂದಲೇ ಅಲ್ಲಿ ಎದೆ ಒಡೆಯುತ್ತದೆ. 'ವಿಂಟರ್ಸ್ ಟೇಲ್' ನಾಟಕದಲ್ಲಿ ಆಟೋಲಿಕಸ್ ಎಂಬ ಕಳ್ಳ ವ್ಯಾಪಾರಿ ಬ್ಯಾಲಡ್ ಹಾಳೆಗಳನ್ನು ಮಾರುತ್ತಾನೆ. ಅವನ ಬಳಿ ಇರುವ ಪ್ರೇಮಗೀತೆಗಳಲ್ಲಿ ಪೋಲಿ ಮಾತೇ ಇಲ್ಲ ಎಂದು ಒಬ್ಬ ಆಳು ಮುಗ್ಧವಾಗಿ ಹೊಗಳುತ್ತ, ಉದಾಹರಣೆಗೆ ಅಪ್ಪಟ ಪೋಲಿ ಪಲ್ಲವಿಗಳನ್ನೇ ಹೇಳಿಬಿಡುತ್ತಾನೆ. ಪ್ರೇಕ್ಷಕರು ನಕ್ಕಿರಬೇಕು. ಎರಡನ್ನೂ ಬೇರ್ಪಡಿಸುವುದು ಎಷ್ಟು ಕಷ್ಟ ಎಂಬುದೇ ಅಲ್ಲಿನ ನಗೆ.

ಭಾಷೆಯೇ ಅದಕ್ಕೆ ಬಿಡುತ್ತಿರಲಿಲ್ಲ. ಆ ಕಾಲದ ಇಂಗ್ಲಿಷಿನಲ್ಲಿ 'ಡೈ', ಅಂದರೆ ಸಾಯುವುದು ಎಂಬ ಕ್ರಿಯಾಪದಕ್ಕೆ ಸುಖದ ತುದಿ ಮುಟ್ಟುವುದು ಎಂಬ ಇನ್ನೊಂದು ಅರ್ಥ ಇತ್ತು. ಅತ್ಯಂತ ಕುಲೀನ ಪ್ರೇಮಗೀತೆಯಲ್ಲೂ ಪ್ರಿಯಕರ ನಿನಗಾಗಿ ಸಾಯುತ್ತೇನೆ ಎಂದಾಗ ಕೇಳುಗರ ಒಂದು ಕಿವಿ ಆ ಅರ್ಥವನ್ನೂ ಕೇಳುತ್ತಿತ್ತು. ಬಂಗಾಳಿಯಲ್ಲಿ 'ರಸ' ಹಾಗೆಯೇ. ಕಾವ್ಯದ ರಸ, ಭಕ್ತಿಯ ರಸ, ಹಣ್ಣಿನ ರಸ, ಮೈಯ ರಸ ಎಲ್ಲವೂ ಒಂದೇ ಮಾತಿನಲ್ಲಿ. ಕನ್ನಡದ 'ರಸಿಕ' ಎಂಬ ಮಾತನ್ನು ಸಂಗೀತ ಸಭೆಯಲ್ಲಿ ಒಂದು ಸಲ, ಬಸ್ ನಿಲ್ದಾಣದಲ್ಲಿ ಒಂದು ಸಲ ಹೇಳಿ ನೋಡಿ.

ವ್ಯತ್ಯಾಸಗಳೂ ಇವೆ. ಎಲಿಜಬೆತ್ ಕಾಲದ ಕುಲೀನ ಪ್ರೇಮಗೀತೆಯಲ್ಲಿ ಮಾತಾಡುವವನು ಹೆಚ್ಚಾಗಿ ಗಂಡಸು. ಹೆಣ್ಣು ದೂರದಲ್ಲಿ, ಮೌನವಾಗಿ ಇರುತ್ತಾಳೆ. ಕವಿಗಾನದ ವಿರಹದಲ್ಲಿ ಮಾತೆಲ್ಲ ಹೆಣ್ಣಿನದು, ಬಾಯಿ ಹೆಚ್ಚಾಗಿ ಗಂಡಸಿನದು. ಲಂಡನ್ನಿನ ರಂಗದ ಮೇಲೆ ಹೆಂಗಸರೇ ಇರಲಿಲ್ಲ. ಕಲ್ಕತ್ತದಲ್ಲಿ ಝುಮುರ್, ಕೀರ್ತನೆ, ಕವಿಗಾನದಲ್ಲಿ ಹೆಂಗಸರು ಹಾಡಿ ಹೊಟ್ಟೆ ಹೊರೆದರು. ಈ ವ್ಯತ್ಯಾಸ ಮುಂದೆ ದುಬಾರಿಯಾಯಿತು.

ಜಿಗ್‌ಗಳಿಗೂ ಒಳ್ಳೆಯ ದಿನ ಬಹಳ ಉಳಿಯಲಿಲ್ಲ. ರಾಣಿ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ, 1612ರ ಅಕ್ಟೋಬರಿನಲ್ಲಿ, ಮಿಡ್ಲ್‌ಸೆಕ್ಸ್ ನ್ಯಾಯಾಧಿಕಾರಿಗಳು ನಾಟಕದ ಕೊನೆಯ ಜಿಗ್‌ಗಳನ್ನು ನಿಲ್ಲಿಸಬೇಕೆಂದು ಆಜ್ಞೆ ಮಾಡಿದರು. ಕಾರಣ ಕೊಟ್ಟದ್ದು ಹಾಡಿನ ಮಾತಲ್ಲ, ಹಾಡು ಕೇಳಲು ಸೇರುವ ಜನ. ಜೇಬುಗಳ್ಳರು, ಪುಂಡರು ಬರುತ್ತಾರೆ, ಗಲಾಟೆಯಾಗುತ್ತದೆ ಎಂಬ ದೂರು.

ಅಶ್ಲೀಲ ಎಂಬ ಮಾತು

ನಾವು ಇಂದು ಅಶ್ಲೀಲ ಎನ್ನುವ ಮಾತು ಸಂಸ್ಕೃತದ 'ಶ್ರೀ' ಎಂಬುದರಿಂದ ಬಂದದ್ದು. ಶ್ರೀ ಇಲ್ಲದ್ದು, ಸೊಬಗಿಲ್ಲದ್ದು ಎಂದರ್ಥ. ಕಾವ್ಯಮೀಮಾಂಸೆಯಲ್ಲಿ ಅದೊಂದು ದೋಷ. ಮಮ್ಮಟ ಅದನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ನಾಚಿಕೆ ಹುಟ್ಟಿಸುವುದು, ಅಸಹ್ಯ ಹುಟ್ಟಿಸುವುದು, ಅಮಂಗಳ ಸೂಚಿಸುವುದು. ಶುಭಸಂದರ್ಭದಲ್ಲಿ ಸಾವನ್ನು ನೆನಪಿಸುವ ಪದ ಬಳಸಿದರೂ ಅದು ಅಶ್ಲೀಲ. ಸಂದರ್ಭ ಸರಿಯಿದ್ದರೆ ಅದೇ ಪದ ದೋಷವಲ್ಲ. ಕವಿಯ ಕಿವಿ ಹಿಂಡಲು ಇದ್ದ ಮಾತು ಇದು. ಅಶ್ಲೀಲ ಬರೆದವನನ್ನು ಒಳ್ಳೆಯ ಕವಿ ಅಲ್ಲ ಎನ್ನುತ್ತಿದ್ದರು, ಜೈಲಿಗೆ ಕಳಿಸುತ್ತಿರಲಿಲ್ಲ.

19ನೇ ಶತಮಾನದ ಕಲ್ಕತ್ತದಲ್ಲಿ ಈ ಮಾತಿಗೆ ಹೊಸ ನೌಕರಿ ಸಿಕ್ಕಿತು. ಇಂಗ್ಲಿಷಿನ 'ಆಬ್ಸೀನ್' ಎಂಬುದಕ್ಕೆ ಸಮಾನಪದ ಬೇಕಾಗಿತ್ತು. ಪೂರ್ತಿ ಮೈಕಾಮವನ್ನೇ ತೋರಿಸುವ, ಸಂದರ್ಭ ನೋಡದ, ದಂಡ ಹಾಕಬಹುದಾದ ಅರ್ಥ ಅದಕ್ಕೆ ಅಂಟಿಕೊಂಡಿತು.

ಹಿನ್ನೆಲೆಯಲ್ಲಿ ಎರಡು ಸಂಗತಿ ಇದ್ದವು. ಒಂದು ಅಚ್ಚು. ಚಿತ್ಪುರ ರಸ್ತೆಯ ಸುತ್ತ ಬಟತಲಾ ಎಂಬ ಭಾಗದಲ್ಲಿ ಅಗ್ಗದ ಮುದ್ರಣಾಲಯಗಳು ಎದ್ದವು. ಪಂಚಾಂಗ, ಪುರಾಣ, ಪ್ರೇಮಕಥೆ, ಪೋಲಿಪದ ಎಲ್ಲವೂ ಒಂದೇ ಅಂಗಡಿಯಲ್ಲಿ. ಪಾದ್ರಿ ಜೇಮ್ಸ್ ಲಾಂಗ್ ಸರಕಾರಕ್ಕಾಗಿ ಮಾಡಿದ ಲೆಕ್ಕದಂತೆ 1857ರ ಒಂದೇ ವರ್ಷದಲ್ಲಿ ಮಾರಾಟಕ್ಕೆಂದು ಅಚ್ಚಾದ ಬಂಗಾಳಿ ಪುಸ್ತಕಗಳ ಪ್ರತಿಗಳು ಐದೂವರೆ ಲಕ್ಷಕ್ಕೂ ಹೆಚ್ಚು. ಭಾರತಚಂದ್ರ ರಾಯ್ 1752ರಲ್ಲಿ ಮುಗಿಸಿದ 'ಅನ್ನದಾಮಂಗಲ'ದ ವಿದ್ಯಾಸುಂದರ ಭಾಗ, ರಾಜಕುಮಾರಿಯ ಕೋಣೆಗೆ ಸುರಂಗ ತೋಡಿಕೊಂಡು ಹೋಗುವ ಪ್ರಿಯಕರನ ಕಥೆ, ಮತ್ತೆ ಮತ್ತೆ ಅಚ್ಚಾಯಿತು. ಅದು ಹಾಡಾಯಿತು, ನಾಟಕವಾಯಿತು. ರಾಜಾಸ್ಥಾನದಲ್ಲಿ ಹುಟ್ಟಿದ ಶೃಂಗಾರ ಕೆಲವಾಣೆಗೆ ಯಾರ ಕೈಗಾದರೂ ಸಿಗುವಂತಾದಾಗ ಅದು ಅಪಾಯ ಅನ್ನಿಸತೊಡಗಿತು.

ಇನ್ನೊಂದು ಶಾಲೆ. 1817ರಲ್ಲಿ ಹಿಂದೂ ಕಾಲೇಜು ಶುರುವಾಯಿತು. ಅಲ್ಲಿ ಹುಡುಗರು ಶೇಕ್ಸ್‌ಪಿಯರನನ್ನು ಬಾಯಿಪಾಠ ಮಾಡಿದರು. ಆ ಹೊತ್ತಿಗೆ ಇಂಗ್ಲೆಂಡ್ ತನ್ನ ಕವಿಗಳನ್ನೇ ತೊಳೆಯುತ್ತಿತ್ತು. ಮನೆಮಂದಿ ಜೊತೆಗೆ ಓದಲು ಆಗದ ಮಾತುಗಳನ್ನೆಲ್ಲ ಕತ್ತರಿಸಿದ ಬೌಡ್ಲರ್ ಕುಟುಂಬದ ಶೇಕ್ಸ್‌ಪಿಯರ್ ಮೊದಲು 1807ರಲ್ಲಿ, ದೊಡ್ಡದಾಗಿ 1818ರಲ್ಲಿ ಬಂತು. ಕಲ್ಕತ್ತದ ವಿದ್ಯಾವಂತರಿಗೆ ಇಂಗ್ಲಿಷ್ ಪ್ರೇಮಗೀತೆ ತಲುಪಿದ್ದು ಜಿಗ್ ಇಲ್ಲದೆ. ಇಂಗ್ಲಿಷರ ಬಳಿ ಬರೀ ಪ್ರೇಮ ಇದೆ, ನಮ್ಮ ಬಳಿ ಬರೀ ಪೋಲಿತನ ಇದೆ ಎಂಬ ಹೋಲಿಕೆಗೆ ತಕ್ಕಡಿಯೇ ಸರಿಯಿರಲಿಲ್ಲ. ಒಂದು ತಟ್ಟೆಯಲ್ಲಿ ಆರಿಸಿ ತೆಗೆದ ಅಕ್ಕಿ, ಇನ್ನೊಂದರಲ್ಲಿ ಹೊಟ್ಟಿನ ಸಮೇತ ಭತ್ತ.

ಅಶ್ಲೀಲ ಪುಸ್ತಕ ಮತ್ತು ಚಿತ್ರಗಳ ವಿರುದ್ಧದ ಕಾನೂನು ಭಾರತಕ್ಕೆ 1856ರಲ್ಲಿ ಬಂತು. ಇಂಗ್ಲೆಂಡಿಗೆ ಅಂಥ ಕಾನೂನು ಬಂದದ್ದು ಒಂದು ವರ್ಷದ ನಂತರ. ಗುಡಿಯ ಗೋಡೆ ಮತ್ತು ರಥದ ಮೇಲಿನ ಶಿಲ್ಪಗಳಿಗೆ ಆ ಕಾನೂನಿನಿಂದ ವಿನಾಯಿತಿ ಇತ್ತು. ಕಲ್ಲಿಗೆ ಸಿಕ್ಕ ವಿನಾಯಿತಿ ಹಾಡಿಗೆ ಸಿಗಲಿಲ್ಲ. 1860ರ ದಂಡಸಂಹಿತೆ ಹಾಡಿಗೆ ಪ್ರತ್ಯೇಕ ಕಲಮನ್ನೇ ಮಾಡಿತು. ಅದು ಜಾರಿಗೆ ಬಂದ 1862ರಲ್ಲೇ ಕಾಲಿಪ್ರಸನ್ನ ಸಿಂಹ 'ಹುತೋಮ್ ಪ್ಯಾಂಚಾರ್ ನಕ್ಷಾ' ಬರೆದು ಚಡಕ್ ಹಬ್ಬ, ಸೋಗು, ಹಾಡಿನ ರಾತ್ರಿಗಳ ಕಲ್ಕತ್ತವನ್ನು ಆಡುಮಾತಿನಲ್ಲಿ ಹಿಡಿದಿಟ್ಟ. ಹನ್ನೊಂದು ವರ್ಷದ ನಂತರ, 1873ರಲ್ಲಿ, ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನ್ ಮೊದಲಾದವರು ಸೇರಿ ಸಾರ್ವಜನಿಕ ಅಶ್ಲೀಲತೆಯನ್ನು ಅಡಗಿಸುವ ಸಂಘ ಕಟ್ಟಿದರು. ಬಿಳಿಯ ಪಾದ್ರಿಗಳೂ ಬಂಗಾಳಿ ದೊಡ್ಡವರೂ ಒಟ್ಟಿಗೆ ಕೂತರು. ಕಂಸಾರಿಪಾಡಾದ ಕಂಚುಗಾರರು ಪ್ರತಿವರ್ಷ ತೆಗೆಯುತ್ತಿದ್ದ ಸೋಗಿನ ಮೆರವಣಿಗೆಯ ಮೇಲೂ ಅವರ ಕಣ್ಣು ಬಿತ್ತು. ಸುಧಾರಕರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಹೆಣ್ಣುಮಕ್ಕಳ ಓದು, ವಿಧವೆಯರ ಬಾಳು ಎಂದು ದುಡಿದ ಜನವೇ ಇವರು. ಹೆಂಗಸರ ಗೌರವ ಕಾಪಾಡಲು ಹೊರಟವರು ಎಂಬುದರಿಂದಲೇ ಮುಂದೆ ಆದದ್ದನ್ನು ನೋಡಬೇಕಾಗಿದೆ.

ಮೊದಲು ನಿಂತ ಹಾಡು ಯಾರದು

ಬಂಗಾಳಿ ಮದುವೆಯ ರಾತ್ರಿ 'ಬಾಸರ್‌ಘರ್' ಎಂಬ ಕೋಣೆಯಲ್ಲಿ ಮದುಮಗನನ್ನು ಹೆಂಗಸರು ಸುತ್ತುವರಿದು ಕೂರುತ್ತಿದ್ದರು. ನಾದಿನಿಯರು, ಅಜ್ಜಿಯರು, ನೆರೆಮನೆಯವರು. ಅವರ ಹಾಡು, ಒಗಟು, ಕೀಟಲೆ ಮದುಮಗನ ಕಿವಿ ಕೆಂಪಾಗಿಸುತ್ತಿತ್ತು. ಮನೆಯೊಳಗಿನ ಹೆಂಗಸರಿಗೆ ಹಾಡು ಕಲಿಸಿ, ಹೊರಗಿನ ಸುದ್ದಿ ತರುತ್ತಿದ್ದವರು ಪಾಂಚಾಲಿ ಹಾಡುವ, ಕೀರ್ತನೆ ಹಾಡುವ, ಊರೂರು ತಿರುಗುವ ಹೆಂಗಸರು. ಅವರು ಹಾಡಿದ ರಾಧೆ ಭಕ್ತೆ ಮಾತ್ರ ಅಲ್ಲ. ಗಂಡಸಿನ ಮೋಸವನ್ನು ಮುಖಕ್ಕೆ ಹೇಳುವವಳು. ಅಂದಿನ ಕುಲೀನ ಬ್ರಾಹ್ಮಣರಲ್ಲಿ ಒಬ್ಬನಿಗೆ ಹಲವು ಹೆಂಡತಿಯರಿದ್ದರು. ಅಂಥ ಗಂಡನ ಮೇಲಿನ ಸಿಟ್ಟು ಹೇಳಿಕೊಳ್ಳಲು ಪೋಲಿ ಹಾಡಿಗಿಂತ ಬೇರೆ ಜಾಗ ಎಷ್ಟು ಇತ್ತು?

ವಿದ್ಯೆ ಕಲಿತ ಗಂಡಂದಿರಿಗೆ ಈ ಹಾಡು ಹೇಳುವ ಹೆಂಡತಿ ಬೇಡವಾದಳು. ಸಭ್ಯ ಮನೆಗಳ ಬಾಗಿಲು ಈ ಗಾಯಕಿಯರಿಗೆ ಮುಚ್ಚಿತು. ಚರಿತ್ರೆಕಾರ ಸುಮಂತ ಬ್ಯಾನರ್ಜಿ 1980ರ ದಶಕದಲ್ಲಿ ಈ ಇಡೀ ಕಥೆಯನ್ನು ಎದುರಿಗಿಟ್ಟು ತೋರಿಸಿದ್ದು ಇದನ್ನೇ: ಓದುಬರಹ ಒಳಗೆ ಬಂದಂತೆ ಹೆಂಗಸರದೇ ಆದ ಒಂದು ಹಾಡಿನ ಲೋಕ ಹೊರಗೆ ಹೋಯಿತು.

ಹೋದವರು ಎಲ್ಲಿಗೆ ಹೋದರು? ಸಂಘ ಹುಟ್ಟಿದ ಅದೇ 1873ರಲ್ಲಿ ಬೆಂಗಾಲ್ ಥಿಯೇಟರ್ ಸಂಬಳದ ನಟಿಯರನ್ನು ರಂಗಕ್ಕೆ ತಂದಿತು. ಆ ಹೆಂಗಸರೆಲ್ಲ ಸೂಳೆಗೇರಿಗಳಿಂದ ಬಂದವರು. ಇದನ್ನು ಒಪ್ಪದ ವಿದ್ಯಾಸಾಗರ ಆ ರಂಗಶಾಲೆಯಿಂದ ದೂರ ಸರಿದರು. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಯಂತ್ರ ತಂದಾಗ ಅದರ ಮುಂದೆ ಮೊದಲು ನಿಂತವರು ಕ್ಲಾಸಿಕ್ ಥಿಯೇಟರಿನ ಶಶಿಮುಖಿ ಮತ್ತು ಫಣಿಬಾಲಾ ಎಂಬ ಹುಡುಗಿಯರು. ಕೆಲವೇ ದಿನಗಳಲ್ಲಿ ಬಂದವಳು ಗೌಹರ್ ಜಾನ್. ಸಭ್ಯ ಮನೆಯ ಬಾಗಿಲಲ್ಲಿ ನಿಲ್ಲಿಸದ ದನಿಗಳು ಅದೇ ಮನೆಯ ಬೈಠಕ್‌ಖಾನೆಗೆ ಅರಗಿನ ತಟ್ಟೆಯೊಳಗಿಂದ ಮರಳಿ ಬಂದವು. ಹಾಡು ಬಂತು, ಹಾಡಿದವಳು ಮಾತ್ರ ಹೊರಗೇ ಉಳಿದಳು.

ಪ್ರೇಮಗೀತೆಗೆ ಬಿದ್ದ ಪೆಟ್ಟು

ಪೋಲಿಪದ ಹೋದರೆ ಹೋಗಲಿ, ಪ್ರೇಮಗೀತೆ ಉಳಿಯಿತಲ್ಲ ಎನ್ನಬಹುದು. ಉಳಿಯಲಿಲ್ಲ. 19ನೇ ಶತಮಾನ ಮುಗಿಯುವ ಹೊತ್ತಿಗೆ 'ನಿಧುವಿನ ಟಪ್ಪಾ' ಎಂಬ ಮಾತೇ ಬಂಗಾಳಿ ಸಭ್ಯರ ನಡುವೆ ಅಸಭ್ಯ ಹಾಡು ಎಂಬರ್ಥದ ಬೈಗುಳವಾಗಿತ್ತು. ಮೈಯ ಹೆಸರು ಎತ್ತಲು ಹಿಂಜರಿದ ನಿಧುಬಾಬು ಪೋಲಿ ಕವಿ ಎಂದು ಹೆಸರಾದ. ಓದದೆಯೇ ಹಾಗೆ ತೀರ್ಮಾನಿಸಿದರು. ಅವನ ಹಾಡು ಯಾರ ಮನೆಯಲ್ಲಿ ಹುಟ್ಟಿತು, ಯಾರ ಬಾಯಲ್ಲಿ ಉಳಿಯಿತು ಎಂಬುದೇ ಸಾಕಾಯಿತು. 1919ರಲ್ಲಿ ಸುಶೀಲ್ ಕುಮಾರ್ ದೇ ತಮ್ಮ ಬಂಗಾಳಿ ಸಾಹಿತ್ಯ ಚರಿತ್ರೆಯಲ್ಲಿ ನಿಧುಬಾಬುವಿನ ಪರವಾಗಿ ವಾದಿಸಬೇಕಾಯಿತು. ರವೀಂದ್ರನಾಥರೂ 1895ರಲ್ಲಿ ಕವಿಗಾನದ ಕುರಿತು ಬರೆದಾಗ, ಹೊಸ ಊರಿನ ಹೊಸ ಹಣವಂತರ ಕ್ಷಣಿಕ ಖುಷಿಗೆ ಹುಟ್ಟಿದ ಕಲೆ ಎಂದೇ ಅದನ್ನು ನೋಡಿದರು. ಆದರೂ ಅವರ ಎಷ್ಟೋ ಹಾಡುಗಳ ಬಳುಕು ಟಪ್ಪಾದಿಂದ ಬಂದದ್ದು. ಹೆಸರು ಕಳೆದುಕೊಂಡ ಕಲೆ ರವೀಂದ್ರಸಂಗೀತದ ಒಳಗೆ ಮರ್ಯಾದೆ ಪಡೆದು ಬದುಕಿಕೊಂಡಿತು. ಆಂಟನಿ ಫಿರಂಗಿಗೆ 1967ರಲ್ಲಿ ಸಿನಿಮಾ ಮರ್ಯಾದೆ ಕೊಟ್ಟಿತು. ಆ ಪಾತ್ರ ಮಾಡಿದ ಉತ್ತಮ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿ ಬಂತು.

ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಬಿಷಪ್ ಪರ್ಸಿಯ ಕೈಗೆ ಸಿಕ್ಕಿದ್ದ 17ನೇ ಶತಮಾನದ ಹಾಡುಗಳ ಹಸ್ತಪ್ರತಿಯನ್ನು ಫರ್ನಿವಾಲ್ ಮತ್ತು ಹೇಲ್ಸ್ 1867-68ರಲ್ಲಿ ಅಚ್ಚು ಹಾಕಿದಾಗ ಪೋಲಿ ಹಾಡುಗಳನ್ನು ಹೆಕ್ಕಿ ಬೇರೆ ಸಂಪುಟಕ್ಕೆ ಹಾಕಿದರು. ಒಂದೇ ಹಸ್ತಪ್ರತಿಯಲ್ಲಿ ಇನ್ನೂರು ವರ್ಷ ಅಕ್ಕಪಕ್ಕ ಇದ್ದ ಹಾಡುಗಳು ಎರಡು ಬೈಂಡುಗಳಾದವು. ಆದರೆ ಆ ಪೋಲಿ ಸಂಪುಟ ಅಚ್ಚಾಯಿತು, ಗ್ರಂಥಾಲಯದಲ್ಲಿ ಉಳಿಯಿತು. ಶೋಭಾಬಜಾರಿನ ಖೇಉಡುಗಳಲ್ಲಿ ಹೆಚ್ಚಿನವು ಯಾವ ಸಂಪುಟಕ್ಕೂ ಹೋಗಲಿಲ್ಲ. 1850ರ ದಶಕದಲ್ಲಿ ಕವಿ ಈಶ್ವರ ಗುಪ್ತ ಹಳ್ಳಿ ಹಳ್ಳಿ ತಿರುಗಿ ಕವಿಗಾನದವರ ಹಾಡು ಮತ್ತು ಬದುಕನ್ನು ಕೂಡಿಸಿ ತನ್ನ 'ಸಂವಾದ ಪ್ರಭಾಕರ'ದಲ್ಲಿ ಅಚ್ಚು ಹಾಕದಿದ್ದರೆ ಉಳಿದದ್ದೂ ಉಳಿಯುತ್ತಿರಲಿಲ್ಲ.

ಮೈಸೂರಿನವರೆಗೆ

ಈ ಕಥೆ ಕರ್ನಾಟಕಕ್ಕೆ ಹೊರಗಿನದಲ್ಲ. ಕಲ್ಕತ್ತದ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ಮೈಸೂರನ್ನು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನದಲ್ಲಿ ಜಾಗ ಕೊಟ್ಟರು. 1930ರ ಜನವರಿ 17ರಂದು ಇದೇ ಊರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳನ್ನು ಕರೆಸಿಕೊಂಡ ಅದೇ ಸಂಸ್ಥಾನ 1909ರಲ್ಲಿ ಗುಡಿಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮರುವರ್ಷ, 1910ರಲ್ಲಿ, ಬೆಂಗಳೂರು ನಾಗರತ್ನಮ್ಮ 18ನೇ ಶತಮಾನದ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು' ಅನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿಸಿದರು. ಹೆಂಗಸು ಬರೆದ ಶೃಂಗಾರ, ಹೆಂ­ಗಸು ಮಾಡಿದ ಪ್ರಕಟಣೆ. ಬ್ರಿಟಿಷ್ ಸರಕಾರ ಅದನ್ನು ಅಶ್ಲೀಲ ಎಂದು ನಿಷೇಧಿಸಿತು. ಪುಸ್ತಕ ಬಿಡುಗಡೆಯಾದದ್ದು ಸ್ವಾತಂತ್ರ್ಯದ ಹೊತ್ತಿಗೆ.

ಕನ್ನಡದ ಜನಪದ ಹಾಡುಗಳ ಮೊದಮೊದಲ ದೊಡ್ಡ ಸಂಗ್ರಹವನ್ನು ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದಾಗ ಅದಕ್ಕೆ ಇಟ್ಟ ಹೆಸರು 'ಗರತಿಯ ಹಾಡು'. ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನು ನಮಗೆ ಉಳಿಸಿಕೊಟ್ಟ ಆ ಪುಸ್ತಕದ ಋಣ ದೊಡ್ಡದು. ಆದರೂ ಗರತಿ ಎಂಬ ಮಾತನ್ನು ಗಮನಿಸಿ. ಹಾಡು ಅಚ್ಚಿಗೆ ಬರಬೇಕಾದರೆ ಹಾಡಿದವಳು ಗರತಿ ಆಗಿರಬೇಕಾಗಿತ್ತು. ಅದೇ ಗರತಿ ಹೋಳಿಯಲ್ಲಿ, ಬೀಗರೂಟದಲ್ಲಿ ಹಾಡಿದ ಇನ್ನೊಂದು ಹಾಡೂ ಅವಳದೇ. ಅದಕ್ಕೆ ಪುಸ್ತಕದಲ್ಲಿ ಜಾಗ ಸಿಗುವುದು ಕಷ್ಟವಿತ್ತು.

ನಾಲ್ಕು ಶತಮಾನ, ಎರಡು ಊರು ನೋಡಿದ ಮೇಲೆ ಒಂದು ಮಾತು ಹೇಳಬಹುದು. ಪ್ರೇಮಗೀತೆಗೂ ಪೋಲಿಪದಕ್ಕೂ ವ್ಯತ್ಯಾಸ ಇದೆ. ಕವಿಗಾನದವರಿಗೂ ಅದು ಗೊತ್ತಿತ್ತು, ಅದಕ್ಕೇ ರಾತ್ರಿಯಲ್ಲಿ ಬೇರೆ ಬೇರೆ ಹೊತ್ತು ಇಟ್ಟಿದ್ದರು. ಕಾನೂನು ಮತ್ತು ಸಭ್ಯತೆ ಗೆರೆ ಎಳೆದಾಗ ಅವು ಹೊತ್ತನ್ನು ನೋಡಲಿಲ್ಲ, ಹಾಡನ್ನೂ ಸರಿಯಾಗಿ ಕೇಳಲಿಲ್ಲ. ಹಾಡುವವರು ಯಾರು ಎಂದು ನೋಡಿದವು. ಮಿಠಾಯಿಗಾರ, ಕಂಚುಗಾರ, ಝುಮುರ್ ಹಾಡುವ ಹೆಂಗಸು ಗೆರೆಯ ಆಚೆ ಬಿದ್ದರು. ಅವರ ಮನೆಗೆ ಹೋಗಿಬರುತ್ತಿದ್ದ ನಿಧುಬಾಬುವಿನ ಪ್ರೇಮವೂ ಅವರ ಜೊತೆಗೇ ಹೋಯಿತು.

2023ರಲ್ಲಿ ದಂಡಸಂಹಿತೆಯನ್ನು ವಸಾಹತುಶಾಹಿಯಿಂದ ಬಿಡಿಸುತ್ತೇವೆ ಎಂದು ಹೊಸದಾಗಿ ಬರೆದರು. ಎಷ್ಟೋ ಕಲಮುಗಳು ತಿದ್ದಿದವು. ಹಾಡಿನ ಕಲಮಿನಲ್ಲಿ 'ಬ್ಯಾಲಡ್' ಹಾಗೇ ಉಳಿದುಕೊಂಡಿದೆ. ಮುಂದಿನ ಸಲ ಊರಿನಲ್ಲಿ ಹೋಳಿಯ ರಾತ್ರಿ ಹಲಗೆಯ ಸದ್ದಿನ ಹಿಂದೆ ಹಿರಿಯರು ಹಾಡು ಎತ್ತಿಕೊಂಡರೆ, ಅವರು ಶೇಕ್ಸ್‌ಪಿಯರನ ಕಳ್ಳ ವ್ಯಾಪಾರಿ ಮಾರುತ್ತಿದ್ದ ಹಾಳೆಯ ಹೆಸರಿನಲ್ಲಿ ತಪ್ಪಿತಸ್ಥರಾಗಬಹುದು.